ಫ್ಯಾಕ್ಟರಿ ತ್ಯಾಜ್ಯ ಬಿದ್ದ ನದಿ ಮತ್ತೆ ಬದುಕೋದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನದಿಗೆ ಕೆಮಿಕಲ್ ಬಿತ್ತು, ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದಾವೆ ಅನ್ನೋ ಸುದ್ದಿ ಎಲ್ಲಿಂದ ಬಂದ್ರೂ ಅದರ ಹಿಂದೇನೇ ಬರೋ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಒಂದೇ. ಸುದ್ದಿ ಒಂದು ವಾರ ಇರತ್ತೆ, ಆಮೇಲೆ ಕ್ಯಾಮೆರಾದವರು ಹೋಗ್ತಾರೆ, ನದಿ ಸುಧಾರಿಸ್ಕೊಳ್ಳೋ ಕೆಲಸ ಶುರುವಾಗೋದೇ ಆವಾಗ. ಆ ಭಾಗದ ಬಗ್ಗೆ ಓದೋಕೆ ಸಿಗೋದು ಕಮ್ಮಿ, ಅದಕ್ಕೇ ಇಷ್ಟು ಉದ್ದಕ್ಕೆ ಬರೀತಿದೀನಿ.

ನದಿ ತಾನಾಗೇ ಸರಿ ಹೋಗತ್ತಾ, ಇಲ್ಲ ನಾವೇ ಸರಿ ಮಾಡ್ಬೇಕಾ?

ಎರಡೂ ಇದೆ, ಆದ್ರೆ ಯಾವುದು ಎಷ್ಟು ಅನ್ನೋದು ಎರಡು ವಿಷಯದ ಮೇಲೆ ನಿಂತಿರತ್ತೆ. ಮೊದಲನೇದು, ಬಿದ್ದಿದ್ದು ಏನು, ಅದು ಕೊಳೆತು ಆರಿ ಹೋಗೋ ಜಾತಿದಾ ಅಥವಾ ತಳದಲ್ಲಿ ಕೂತು ಬಿಡೋ ಜಾತಿದಾ. ಎರಡನೇದನ್ನ ಯಾರೂ ಕೇಳೋದೇ ಇಲ್ಲ, ಸೋರಿಕೆ ಆದ ಜಾಗಕ್ಕಿಂತ ಮೇಲೆ ಮತ್ತೆ ಅಕ್ಕಪಕ್ಕದಿಂದ ಬಂದು ಸೇರೋ ಹಳ್ಳ, ಉಪನದಿಗಳಲ್ಲಿ ಜೀವ ಉಳಿದಿದೆಯಾ. ಸತ್ತ ನದಿಗೆ ಜೀವ ಆಕಾಶದಿಂದ ಇಳಿಯಲ್ಲ, ಅದು ಎಲ್ಲಿಂದಲೋ ನಡ್ಕೊಂಡು, ತೇಲ್ಕೊಂಡು, ಹಾರ್ಕೊಂಡು ಬರಬೇಕು. ಮೇಲಿನ ಹಳ್ಳಗಳು ಚೆನ್ನಾಗಿದ್ದು, ಬಿದ್ದ ವಿಷ ತಳದಲ್ಲಿ ಕೂರೋ ಜಾತಿದಲ್ಲ ಅಂದ್ರೆ, ಅದು ಎಷ್ಟೇ ಕೆಟ್ಟದಾಗಿದ್ರೂ ನದಿ ನಾವು ಅಂದ್ಕೊಂಡಿದ್ದಕ್ಕಿಂತ ಬೇಗ ಎದ್ದು ಕೂರತ್ತೆ, ಅವೇ ಮೊದಲೇ ಸತ್ತಿದ್ರೆ ಸಣ್ಣ ಸೋರಿಕೆಯಿಂದ್ಲೂ ಏಳೋಕೆ ಆಗಲ್ಲ.

ಎಷ್ಟು ದಿನ ಬೇಕಾಗತ್ತೆ, ಒಂದು ಅಂದಾಜು ಹೇಳಿ?

ಯಾವುದಕ್ಕೆ ಎಷ್ಟು ದಿನ ಅಂತ ಕೇಳಬೇಕು. ನೀರಿಗೆ ಗಂಟೆಗಳು ಅಥವಾ ದಿನಗಳು. ಪಾಚಿಗೆ ವಾರಗಳು. ಹುಳಹುಪ್ಪಟೆಗೆ ಕೆಲವು ತಿಂಗಳಿಂದ ಎರಡು ಮೂರು ವರ್ಷ. ಮೀನಿಗೆ ಕೆಲವು ವರ್ಷ. ಕಪ್ಪೆಚಿಪ್ಪಿಗೆ ದಶಕಗಳೇ ಬೇಕಾಗಬಹುದು. ಹೂಳಲ್ಲಿ ಕೂತ ಪಾದರಸ, ಪಿಸಿಬಿ (ಸುಲಭಕ್ಕೆ ಒಡೆಯದ ಫ್ಯಾಕ್ಟರಿ ಕೆಮಿಕಲ್) ಥರದ್ದಕ್ಕೆ ಒಂದು ಇಡೀ ತಲೆಮಾರೂ ಸಾಕಾಗಲ್ಲ.

ನನಗೆ ಯಾವಾಗಲೂ ನೆನಪಾಗೋದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿ. 1991ರ ಜುಲೈ 14ರ ರಾತ್ರಿ ಕಾಂಟಾರಾ ಲೂಪ್ ಅನ್ನೋ ತಿರುವಲ್ಲಿ ಗೂಡ್ಸ್ ರೈಲು ಹಳಿ ತಪ್ಪಿ ಒಂದು ಟ್ಯಾಂಕರ್ ನದಿಗೆ ಬಿತ್ತು, ಅದರಲ್ಲಿದ್ದಿದ್ದು ಮೆಟಾಮ್ ಸೋಡಿಯಂ, ಹೊಲದ ಮಣ್ಣಲ್ಲಿರೋ ಜೀವಿಗಳನ್ನೆಲ್ಲ ಕೊಲ್ಲೋಕೆ ಅಂತಾನೇ ಮಾಡಿದ ವಿಷ, ಸುಮಾರು 72 ಸಾವಿರ ಲೀಟರ್ ಸೋರಿತು. ಕೆಳಗಿನ ಶಾಸ್ತಾ ಜಲಾಶಯದ ತನಕ ಸುಮಾರು 60 ಕಿಲೋಮೀಟರ್ ಉದ್ದಕ್ಕೂ ಮೀನು, ಹುಳ, ಪಾಚಿ ಯಾವುದೂ ಉಳೀಲಿಲ್ಲ. ಸತ್ತ ಮೀನೇ 10 ಲಕ್ಷದ ಮೇಲೆ. ಆದ್ರೆ ಆ ವಿಷಕ್ಕೆ ಒಂದು ಗುಣ ಇತ್ತು, ನೀರಲ್ಲಿ ಒಡೆದು ಗ್ಯಾಸ್ ಆಗಿ ಗಾಳಿಗೆ ಹೋಗ್ಬಿಡತ್ತೆ, ತಳದಲ್ಲಿ ಉಳಿಯಲ್ಲ. ಮೇಲೆ ನದಿ ಇತ್ತು, ಪಕ್ಕದಿಂದ ಸಾಲುಸಾಲಾಗಿ ತಣ್ಣನೆ ಹಳ್ಳಗಳು ಬಂದು ಸೇರ್ತಿದ್ವು, ಅವುಗಳಲ್ಲಿ ಟ್ರೌಟ್ ಮೀನು ಹಾಗೇ ಇದ್ವು. ಮೀನು ಹಿಡಿಯೋದನ್ನ ಪೂರ್ತಿ ನಿಲ್ಲಿಸಿ ಅವುಗಳ ಪಾಡಿಗೆ ಅವನ್ನ ಬಿಟ್ರು, 1994ರಲ್ಲಿ ಮತ್ತೆ ಮೀನು ಹಿಡಿಯೋಕೆ ಅವಕಾಶ ಕೊಡೋ ಮಟ್ಟಕ್ಕೆ ಬಂತು. ಅದೇ ನದಿಯಲ್ಲಿ ಬಸವನಹುಳ, ಚಿಪ್ಪಿನ ಜೀವಿಗಳಿಗೆ ಅದಕ್ಕಿಂತ ತುಂಬಾ ಹೆಚ್ಚು ಟೈಮ್ ಹಿಡೀತು, ಯಾಕಂದ್ರೆ ಅವು ಈಜಲ್ಲ, ಹಾರಲ್ಲ.

ನೀರು ತಿಳಿ ಆಗಿದೆ, ವಾಸನೆನೂ ಇಲ್ಲ. ಅಂದ್ರೆ ಸರಿಹೋಯ್ತು ಅಂತಾನೇ ಅಲ್ವಾ?

ಅಲ್ಲ, ಮತ್ತೆ ಜನ ಮೋಸ ಹೋಗೋದು ಇಲ್ಲೇ. ಹರಿಯೋ ನೀರು ಬದಲಾಗ್ತಾನೇ ಇರತ್ತೆ, ಇವತ್ತು ನೋಡಿದ ನೀರು ನಾಳೆ ಅಲ್ಲಿರಲ್ಲ. ಆದ್ರೆ ಕೆಳಗಿರೋ ಹೂಳು ಅಲ್ಲೇ ಇರತ್ತೆ. ಸೀಸ, ಕ್ಯಾಡ್ಮಿಯಂ, ಸತು, ಆರ್ಸೆನಿಕ್ ಇವೆಲ್ಲ ಸಣ್ಣ ಜೇಡಿಮಣ್ಣಿನ ಕಣಕ್ಕೆ ಅಂಟ್ಕೊಂಡು ನೀರು ಎಲ್ಲಿ ನಿಧಾನ ಆಗತ್ತೋ ಅಲ್ಲಿ, ಅಂದ್ರೆ ತಿರುವಿನ ಒಳಮಗ್ಗುಲಲ್ಲಿ, ಮಡುವಿನಲ್ಲಿ, ಅಣೆಕಟ್ಟಿನ ಹಿಂದೆ, ಪ್ರವಾಹ ಬಂದಾಗ ಮುಳುಗೋ ಹೊಲದ ಮೇಲೆ ಹೋಗಿ ಕೂರತ್ತೆ. ಲೋಹ ಕೊಳೆಯಲ್ಲ. ಸೀಸ ನೂರು ವರ್ಷ ಬಿಟ್ಟು ನೋಡಿದ್ರೂ ಸೀಸನೇ.

2015ರ ಆಗಸ್ಟ್ 5ರಂದು ಅಮೆರಿಕದ ಕೊಲರಾಡೊದಲ್ಲಿ ಗೋಲ್ಡ್ ಕಿಂಗ್ ಅನ್ನೋ ಹಳೇ ಗಣಿಯಿಂದ ಸುಮಾರು 1.1 ಕೋಟಿ ಲೀಟರ್ ಆಸಿಡ್ ನೀರು ಅನಿಮಾಸ್ ನದಿಗೆ ನುಗ್ಗಿತು, ನದಿ ಪೂರ್ತಿ ಅರಿಶಿನ ಕದಡಿದ ಬಣ್ಣ, ಆ ಫೋಟೋ ಪ್ರಪಂಚ ಪೂರ್ತಿ ಓಡಾಡ್ತು. ಕೆಲವೇ ದಿನಕ್ಕೆ ಬಣ್ಣ ಹೋಯ್ತು. ಆದ್ರೆ ಆ ಬೆಟ್ಟದ ಹತ್ತಾರು ಹಳೇ ಗಣಿಗಳಿಂದ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಲೋಹದ ನೀರು ಸದ್ದಿಲ್ಲದೆ ಸೋರ್ತಾನೇ ಇತ್ತು, ಆ ನೀರಿಗೆ ಬಣ್ಣ ಅಷ್ಟಿರಲಿಲ್ಲ ಅಂತ ಯಾರೂ ಫೋಟೋ ತೆಗೀಲಿಲ್ಲ ಅಷ್ಟೇ. ಬಣ್ಣ ನೋಡಿ ಅಪಾಯ ಅಳೆಯೋಕೆ ಹೋಗಬಾರದು, ಕಬ್ಬಿಣ ಕಣ್ಣಿಗೆ ರಾಚತ್ತೆ, ಕ್ಯಾಡ್ಮಿಯಂ ಕಾಣೋದೇ ಇಲ್ಲ.

ಬಿದ್ದಿದ್ದು ವಿಷ ಅಲ್ಲ, ಹಾಲು ಅಥವಾ ಕಾಕಂಬಿ ಅಂತ ಹೇಳ್ತಾರೆ. ಹಾಗಿದ್ರೆ ಮೀನು ಯಾಕೆ ಸತ್ವು?

ಉಸಿರು ಕಟ್ಟಿ. ಹಾಲು, ಕಾಕಂಬಿ, ಡಿಸ್ಟಿಲರಿ ತ್ಯಾಜ್ಯ, ಕಸಾಯಿಖಾನೆ ನೀರು ಇವೆಲ್ಲ ಬ್ಯಾಕ್ಟೀರಿಯಾಗೆ ಹಬ್ಬದೂಟ. ಅವು ತಿಂದು ಲೆಕ್ಕ ಇಲ್ಲದಷ್ಟು ಬೆಳೆಯುತ್ತವೆ, ತಿನ್ನೋಕೆ ಆಕ್ಸಿಜನ್ ಬೇಕು, ನೀರಲ್ಲಿರೋದೇ ಒಂಚೂರು. 20 ಡಿಗ್ರಿ ನೀರಲ್ಲಿ ಒಂದು ಲೀಟರ್‌ಗೆ ಹೆಚ್ಚಂದ್ರೆ 9 ಮಿಲಿಗ್ರಾಂ ಆಕ್ಸಿಜನ್ ಕರಗಿರತ್ತೆ, 30 ಡಿಗ್ರಿಗೆ ಬಂದ್ರೆ ಏಳೂವರೆ. ಹೆಚ್ಚಿನ ಮೀನುಗಳಿಗೆ 5ಕ್ಕಿಂತ ಕೆಳಗೆ ಹೋದ್ರೆ ಕಷ್ಟ, 2ಕ್ಕಿಂತ ಕೆಳಗೆ ಹೋದ್ರೆ ಸಾಲುಸಾಲಾಗಿ ಸಾಯ್ತವೆ. ಕುಡಿಯೋಕೆ ಒಳ್ಳೇದಾದ ಹಾಲು ನದಿಗೆ ಚರಂಡಿ ನೀರಿಗಿಂತ ನೂರಾರು ಪಟ್ಟು ಭಾರ ಅಂದ್ರೆ ತುಂಬಾ ಜನ ನಂಬಲ್ಲ, ಆದ್ರೆ ಆಕ್ಸಿಜನ್ ಎಳ್ಕೊಳ್ಳೋ ಲೆಕ್ಕದಲ್ಲಿ ಅದೇ ನಿಜ.

ಇಲ್ಲಿ ಒಂದು ವಿಚಿತ್ರ ಇದೆ. ಆಕ್ಸಿಜನ್ ಅತಿ ಕಮ್ಮಿ ಆಗೋದು ತ್ಯಾಜ್ಯ ಬಿದ್ದ ಜಾಗದಲ್ಲಲ್ಲ, ಅಲ್ಲಿಂದ ಎಷ್ಟೋ ಕಿಲೋಮೀಟರ್ ಕೆಳಗೆ, ಯಾಕಂದ್ರೆ ಬ್ಯಾಕ್ಟೀರಿಯಾ ಬೆಳೆಯೋಕೂ ಟೈಮ್ ಬೇಕು, ನೀರು ಅಷ್ಟರಲ್ಲಿ ಹರಿದು ಹೋಗಿರತ್ತೆ. ಈ ಇಳಿತ ಮತ್ತೆ ಏರಿಕೆಯ ಲೆಕ್ಕವನ್ನ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಅನ್ನೋ ಇಬ್ಬರು ಒಹಾಯೊ ನದಿ ಮೇಲೆ ಕೆಲಸ ಮಾಡಿ 1925ರಲ್ಲೇ ಬರೆದಿಟ್ಟಿದಾರೆ, ಇವತ್ತಿಗೂ ಅದೇ ಬುನಾದಿ. ಹಾಗಾಗಿ ಮೀನು ಸತ್ತ ಜಾಗದ ಪಕ್ಕದಲ್ಲಿ ಯಾವ ಪೈಪೂ ಇಲ್ಲ ಅಂದ ಮಾತ್ರಕ್ಕೆ ಯಾರ ತಪ್ಪೂ ಇಲ್ಲ ಅಂತ ಅರ್ಥ ಅಲ್ಲ, ಮೇಲಕ್ಕೆ ನಡ್ಕೊಂಡು ಹೋಗಿ ನೋಡಬೇಕು.

ಸಮಾಧಾನದ ವಿಷಯ ಅಂದ್ರೆ ಈ ಥರದ ಪೆಟ್ಟಿಂದ ನದಿ ಸುಧಾರಿಸ್ಕೊಳ್ಳೋದು ಬೇಗ. ತಿನ್ನೋದು ಮುಗೀತು ಅಂದ್ರೆ ಬ್ಯಾಕ್ಟೀರಿಯಾನೂ ಇಳಿಯುತ್ತವೆ, ಕಲ್ಲಿನ ಮೇಲೆ ಹಾಯ್ದು ನೊರೆ ಎಬ್ಬಿಸೋ ನೀರು ಗಾಳಿಯಿಂದ ಆಕ್ಸಿಜನ್ ಎಳ್ಕೊಳ್ಳತ್ತೆ. ಕಲ್ಲುಬಂಡೆ ಇರೋ ಓಡೋ ನದಿಗೆ ಇದು ಸುಲಭ, ಅಣೆಕಟ್ಟು ಕಟ್ಟಿ ಕೆರೆ ಥರ ನಿಲ್ಲಿಸಿದ ನದಿಗೆ ಕಷ್ಟ.

ಮೀನು ವಿಷಕ್ಕೆ ಸತ್ವಾ, ಆಕ್ಸಿಜನ್ ಇಲ್ಲದೆ ಸತ್ವಾ ಅಂತ ನೋಡಿ ಹೇಳೋಕಾಗತ್ತಾ?

ಖಚಿತ ಆಗೋದು ಲ್ಯಾಬಲ್ಲೇ, ಆದ್ರೆ ಸುಳಿವು ಸಿಗತ್ತೆ. ಆಕ್ಸಿಜನ್ ಸಮಸ್ಯೆ ಆದ್ರೆ ಸಾವು ಹೆಚ್ಚಾಗಿ ಬೆಳಗಿನ ಜಾವ, ಯಾಕಂದ್ರೆ ರಾತ್ರಿ ಪೂರ್ತಿ ಪಾಚಿನೂ ಉಸಿರಾಡಿ ಆಕ್ಸಿಜನ್ ಎಳ್ಕೊಂಡಿರತ್ತೆ, ಮೀನು ಮೇಲೆ ಬಂದು ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ಎಳೀತಿರ್ತವೆ, ದೊಡ್ಡ ಮೀನು ಮೊದಲು ಸಾಯ್ತವೆ. ವಿಷ ಆದ್ರೆ ಹೊತ್ತುಗೊತ್ತಿಲ್ಲ, ಮರಿ ದೊಡ್ಡದು ಅನ್ನೋ ಭೇದ ಇಲ್ಲ, ಸಿಗಡಿ ಹುಳಗಳೂ ಜೊತೆಗೆ ಸತ್ತಿರ್ತವೆ, ಕೆಲವು ಮೀನು ಹುಚ್ಚು ಹಿಡಿದ ಹಾಗೆ ಸುತ್ತು ಹೊಡೀತಿರ್ತವೆ.

ಮೊದಲು ವಾಪಸ್ ಬರೋದು ಯಾರು?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಮೀನಲ್ಲ. ಮೊದಲು ಬ್ಯಾಕ್ಟೀರಿಯಾ, ಆಮೇಲೆ ಕಲ್ಲಿನ ಮೇಲೆ ಕಂದು ಬಣ್ಣದ ಜಾರೋ ಪದರ, ಬೆರಳಲ್ಲಿ ಉಜ್ಜಿದ್ರೆ ಸಣ್ಣ ರವೆ ಥರ ತಾಕತ್ತೆ, ಅದು ಡಯಾಟಮ್ ಅನ್ನೋ ಗಾಜಿನ ಚಿಪ್ಪಿನ ಪಾಚಿ. ಆಮೇಲೆ ಹಸಿರು ಪಾಚಿ, ಮೇಯೋ ಹುಳ ಇನ್ನೂ ಬಂದಿಲ್ಲದೆ ಇರೋದ್ರಿಂದ ಉದ್ದುದ್ದಕ್ಕೆ ಕೂದಲಿನ ಥರ ಬೆಳೆದು ಬಿಡತ್ತೆ, ಜನ ಅದನ್ನ ನೋಡಿ ನದಿ ಇನ್ನೂ ಹಾಳಾಯ್ತು ಅಂತ ಹೆದರ್ತಾರೆ, ಆ ಹಂತ ಸಹಜ. ಕೊಳೆಯೋ ತ್ಯಾಜ್ಯ ಇನ್ನೂ ಬರ್ತಿದ್ರೆ ಮಾತ್ರ ಹಸಿರಿನ ಬದಲು ಬೂದು ಬಣ್ಣದ ಹತ್ತಿ ಎಳೆ ಥರದ್ದು ಕಲ್ಲಿಗೆ ಜೋತು ಬಿದ್ದಿರತ್ತೆ, ಅದನ್ನ ಕಂಡ್ರೆ ಸೋರಿಕೆ ನಿಂತಿಲ್ಲ ಅಂತ ತಿಳ್ಕೊಳ್ಳಿ.

ಹುಳಗಳು ಬರೋದು ಎರಡು ದಾರೀಲಿ. ಮೇಲಿನ ಚೆನ್ನಾಗಿರೋ ನೀರಿಂದ ಪ್ರತಿ ರಾತ್ರಿ ಸಾವಿರಾರು ಮರಿ ಹುಳ ಕಲ್ಲು ಬಿಟ್ಟು ಹರಿವಲ್ಲಿ ತೇಲ್ಕೊಂಡು ಕೆಳಗೆ ಬರ್ತವೆ. ರೆಕ್ಕೆ ಬಂದ ದೊಡ್ಡ ಹುಳಗಳು ಬೇರೆ ಹಳ್ಳದಿಂದ ಹಾರಿ ಬಂದು ಮೊಟ್ಟೆ ಇಡ್ತವೆ. ನೀವೇ ನೋಡಬಹುದು: ವಿಷ ಪೂರ್ತಿ ಹೋಗಿದೆ ಅಂತ ಟೆಸ್ಟಲ್ಲಿ ಖಚಿತ ಆದ ಮೇಲೆ ಮೊಣಕಾಲು ಮಟ್ಟದ ಓಡೋ ನೀರಲ್ಲಿ ನಿಂತು ಅಂಗೈ ಅಗಲದ ಒಂದು ಕಲ್ಲು ತಿರುಗಿಸಿ. ಬರೀ ಕೆಂಪು ದಾರದಂಥ ಹುಳ ಇದ್ರೆ ಆಕ್ಸಿಜನ್ ಇನ್ನೂ ಸಾಲ್ತಿಲ್ಲ, ಅವುಗಳ ಕೆಂಪು ನಮ್ಮ ರಕ್ತದಲ್ಲಿರೋ ಹಿಮೋಗ್ಲೋಬಿನ್‌ದೇ, ಅದು ಇರೋದಕ್ಕೇ ಅವು ಅಲ್ಲಿ ಬದುಕಿರೋದು. ಚಪ್ಪಟೆ ಮೈ, ಹಿಂದೆ ಮೂರು ಬಾಲ, ಹೊಟ್ಟೆಯ ಎರಡೂ ಪಕ್ಕ ಎಲೆ ಥರದ ಕಿವಿರು ಪಟಪಟ ಬಡೀತಾ ಕಲ್ಲಿನ ಅಂಚಿಗೆ ಓಡೋ ಹುಳ ಕಂಡ್ರೆ ಅದು ಮೇಫ್ಲೈ ಮರಿ, ಖುಷಿ ಪಡಿ. ಮರಳಿನ ಕಾಳು ಒಂದೊಂದಾಗಿ ಅಂಟಿಸಿ ಅಕ್ಕಿಕಾಳಿನಷ್ಟುದ್ದ ಕೊಳವೆ ಮಾಡ್ಕೊಂಡು ಅದರೊಳಗೆ ತಲೆ ಮಾತ್ರ ಹೊರಗೆ ಹಾಕಿ ಕೂತಿರೋದು ಕ್ಯಾಡಿಸ್ ಮರಿ. ಈ ಎರಡೂ ಇದ್ದು ಜೊತೆಗೆ ಎರಡು ಬಾಲದ ಸ್ಟೋನ್‌ಫ್ಲೈ ಮರಿನೂ ಸಿಕ್ಕಿದ್ರೆ ಆ ಜಾಗದ ನೀರು ಕೆಲವು ತಿಂಗಳಿಂದ ಚೆನ್ನಾಗೇ ಇದೆ ಅಂತ ಅರ್ಥ. ಬಾಟಲಿ ನೀರಿನ ಟೆಸ್ಟ್ ಆ ಕ್ಷಣದ ಕಥೆ ಹೇಳತ್ತೆ, ಕಲ್ಲಿನ ಅಡಿಯ ಹುಳ ಹಿಂದಿನ ಅಷ್ಟೂ ತಿಂಗಳ ಕಥೆ ಹೇಳತ್ತೆ. ನೋಡಿ ಆದ್ಮೇಲೆ ಕಲ್ಲನ್ನ ಹೇಗಿತ್ತೋ ಹಾಗೇ ಇಡಿ.

ಕಪ್ಪೆಚಿಪ್ಪು ಮಾತ್ರ ಯಾಕೆ ಅಷ್ಟು ತಡ?

ಸಿಹಿನೀರಿನ ಬಹುತೇಕ ಕಪ್ಪೆಚಿಪ್ಪಿನ ಮರಿಗಳು ಹುಟ್ಟಿದ ಮೇಲೆ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟ್ಕೊಂಡು ಕೆಲವು ವಾರ ಬೆಳೀಬೇಕು, ಅದೂ ಎಷ್ಟೋ ಸಲ ಒಂದೆರಡು ಜಾತಿ ಮೀನಿಗೆ ಮಾತ್ರ ಅಂಟ್ತವೆ. ಅಂದ್ರೆ ಮೊದಲು ಆ ಮೀನು ಬರಬೇಕು, ಎಲ್ಲೋ ಉಳಿದ ಚಿಪ್ಪು ಇರೋ ಜಾಗ ದಾಟಿ ಬರಬೇಕು, ಮರಿ ಉದುರೋ ಜಾಗದ ಮರಳು ಚೊಕ್ಕಟ ಇರಬೇಕು. ಒಂದೊಂದು ಜಾತಿ ದೊಡ್ಡದಾಗಿ ಮರಿ ಮಾಡೋಕೇ ಹತ್ತು ವರ್ಷ ತಗೊಳ್ಳತ್ತೆ.

ಹೊರಗಿಂದ ಮೀನು ಮರಿ ತಂದು ಬಿಟ್ರೆ ಬೇಗ ಸರಿಹೋಗಲ್ವಾ?

ಮೊದಲ ವರ್ಷ ಬಿಡಬೇಡಿ ಅನ್ನೋದೇ ನನ್ನ ಅಭಿಪ್ರಾಯ. ತಿನ್ನೋಕೆ ಹುಳ ಇಲ್ಲದ ನದಿಗೆ ಮೀನು ಬಿಟ್ರೆ ಅವು ಉಪವಾಸ ಬೀಳ್ತವೆ ಇಲ್ಲಾ ಆಗ ತಾನೇ ಬರ್ತಿರೋ ಹುಳಗಳನ್ನೇ ಮುಗಿಸ್ತವೆ. ಕೆರೆಯಲ್ಲಿ ಸಾಕಿದ ಮರಿಗೆ ಆ ನದಿಯ ಹರಿವು, ಚಳಿ, ರೋಗ ಯಾವುದೂ ಗೊತ್ತಿರಲ್ಲ, ಉಪನದಿಯಲ್ಲಿ ಬದುಕಿ ಉಳಿದ ಸ್ಥಳೀಯ ಮೀನಿನ ಜಾಗ ಮಾತ್ರ ಕಿತ್ಕೊಳ್ತವೆ. ಉಪನದಿಗೂ ಮುಖ್ಯ ನದಿಗೂ ಮಧ್ಯೆ ಚೆಕ್ ಡ್ಯಾಮೋ ಎತ್ತರದ ಮೋರಿ ಪೈಪೋ ಅಡ್ಡ ಇದ್ದು ಮೀನು ಇಳಿದು ಹತ್ತೋಕೆ ಆಗ್ತಿಲ್ಲ ಅಂದ್ರೆ ಆ ಅಡ್ಡಿ ತೆಗೆಯೋಕೆ ದುಡ್ಡು ಹಾಕೋದು ಲಾರಿಗಟ್ಟಲೆ ಮರಿ ತರೋದಕ್ಕಿಂತ ಎಷ್ಟೋ ಮೇಲು. ಯಾವ ಕಡೆಯಿಂದ್ಲೂ ಮೀನು ಬರೋ ದಾರಿನೇ ಇಲ್ಲ ಅಂತಾದ್ರೆ ಆಗ ಬಿಡಬೇಕು, ಅದೂ ಅದೇ ನದಿಯ ಸಂತತಿದು.

ಸೈನೈಡ್ ಅಂದ್ರೆ ನದಿ ಶಾಶ್ವತವಾಗಿ ಮುಗೀತಾ?

ಹೆಸರು ಕೇಳಿದ್ರೇ ಎದೆ ಝಲ್ ಅನ್ನತ್ತೆ, ಆದ್ರೆ ಸೈನೈಡ್ ತಳದಲ್ಲಿ ಕೂರೋದಲ್ಲ, ಬಿಸಿಲಿಗೆ, ಗಾಳಿಗೆ, ಬ್ಯಾಕ್ಟೀರಿಯಾಗೆ ಒಡೆದು ಹೋಗತ್ತೆ. 2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆಯಲ್ಲಿ ಚಿನ್ನದ ತ್ಯಾಜ್ಯದ ಕಟ್ಟೆ ಒಡೆದು ಸುಮಾರು 1 ಲಕ್ಷ ಘನ ಮೀಟರ್ ಸೈನೈಡ್ ನೀರು ಹರಿದು ಹಂಗೇರಿಯ ಟಿಸಾ ನದಿ ಸೇರ್ತು. ಹಂಗೇರಿ ಒಂದರಲ್ಲೇ ಸಾವಿರ ಟನ್‌ಗೂ ಹೆಚ್ಚು ಮೀನು ಸತ್ತವು, ವಿಷದ ಗುರುತು ನಾಲ್ಕು ವಾರ ಆದ್ಮೇಲೆ ಸುಮಾರು 2000 ಕಿಲೋಮೀಟರ್ ದೂರದ ಡ್ಯಾನ್ಯೂಬ್ ನದಿಯ ಮುಖಜ ಭೂಮಿಯಲ್ಲೂ ಸಿಕ್ಕಿತು. ಆದ್ರೆ ವಿಷದ ಅಲೆ ದಾಟಿ ಹೋದ ಮೇಲೆ ನೀರಲ್ಲಿ ತೇಲೋ ಸೂಕ್ಷ್ಮಜೀವಿಗಳು ಕೆಲವೇ ದಿನಕ್ಕೆ ಮತ್ತೆ ಕಾಣಿಸ್ಕೊಂಡ್ವು, ಮೇಲಿಂದ ಒಳ್ಳೇ ನೀರು ಬರ್ತಿತ್ತಲ್ಲ. ಮನಸ್ಸಿಗೆ ನೋವಾಗೋದು ಆಮೇಲಿಂದು: ಮಾರ್ಚ್ 10ಕ್ಕೆ, ಅಂದ್ರೆ ಸರಿಯಾಗಿ ನಲವತ್ತು ದಿನಕ್ಕೆ, ಅದೇ ಪ್ರದೇಶದ ಇನ್ನೊಂದು ಕಟ್ಟೆ ಒಡೆದು ಭಾರ ಲೋಹ ತುಂಬಿದ ಕೆಸರು ಟಿಸಾದ ಮೇಲ್ಭಾಗಕ್ಕೇ ಬಂತು. ಯಾವ ಭಾಗದಿಂದ ಜೀವ ಇಳಿದು ಬರಬೇಕಿತ್ತೋ ಅದಕ್ಕೇ ಪೆಟ್ಟು. ಸೈನೈಡ್ ಎಲ್ಲರಿಗೂ ನೆನಪಿದೆ, ಆ ಎರಡನೇದು ಯಾರಿಗೂ ನೆನಪಿಲ್ಲ, ಆದ್ರೆ ಕೊಳೆಯದೇ ಉಳಿಯೋದು ಆ ಎರಡನೇದೇ.

ಆಸಿಡ್ ಬಿದ್ರೆ ಸುಣ್ಣ, ಕಾಸ್ಟಿಕ್ ಬಿದ್ರೆ ಆಸಿಡ್, ಹಾಕಿ ಸರಿ ಮಾಡ್ಬಹುದಾ?

ಕೆಲವು ಸಲ ಹೌದು, ಆದ್ರೆ ಕೈ ಅಳತೆ ತಪ್ಪಿದ್ರೆ ಎರಡನೇ ಅನಾಹುತ. 2010ರ ಅಕ್ಟೋಬರ್ 4ರಂದು ಹಂಗೇರಿಯ ಆಯ್ಕಾದಲ್ಲಿ ಅಲ್ಯೂಮಿನಾ ಫ್ಯಾಕ್ಟರಿಯ ಕೆಂಪು ಕೆಸರಿನ ಕಟ್ಟೆ ಒಡೆದು 10 ಜನ ಸತ್ರು, ಪಿಎಚ್ (ಆಸಿಡ್, ಕ್ಷಾರ ಎಷ್ಟಿದೆ ಅನ್ನೋ ಅಳತೆ) 13ರಷ್ಟಿದ್ದ ಆ ಕೆಸರು ಟೋರ್ನಾ ಹಳ್ಳ ಮತ್ತೆ ಮಾರ್ಚಾಲ್ ನದಿಯ ಜೀವ ಪೂರ್ತಿ ತೆಗೀತು. ಪಿಎಚ್ 7 ಇರೋ ಸಾಮಾನ್ಯ ನೀರಿಗೂ 13ಕ್ಕೂ ಕ್ಷಾರದ ವ್ಯತ್ಯಾಸ ಹತ್ತು ಲಕ್ಷ ಪಟ್ಟು. ಅವರು ನದಿಗೆ ಲಾರಿಗಟ್ಟಲೆ ಜಿಪ್ಸಂ ಸುರಿದ್ರು, ಅಸಿಟಿಕ್ ಆಸಿಡ್ ಹಾಕಿದ್ರು, ನೀರು ಡ್ಯಾನ್ಯೂಬ್ ಸೇರೋ ಹೊತ್ತಿಗೆ ಪಿಎಚ್ ತುಂಬಾ ಇಳಿದಿತ್ತು. ಆಮೇಲೆ ಕೆಸರನ್ನೂ ಬೇಗ ಬಳಿದು ತೆಗೆದ್ರು, ಎರಡು ಮೂರು ವರ್ಷದಲ್ಲಿ ನೀರು ಹೂಳು ಎರಡೂ ಹೆಚ್ಚಿನ ಜಾಗದಲ್ಲಿ ಸುಧಾರಿಸ್ತು. ಡ್ಯಾನ್ಯೂಬನ್ನ ಕಾಪಾಡೋಕೆ ಮಾರ್ಚಾಲ್‌ನ ಬಿಟ್ಟುಕೊಟ್ಟ ಹಾಗೆ ಅದು, ಆ ದಿನಕ್ಕೆ ಬೇರೆ ದಾರಿ ಇರಲಿಲ್ಲ ಅಂತ ನನಗನಿಸತ್ತೆ.

ಸೋರಿದ್ದು ಬರೀ ಕಾಸ್ಟಿಕ್, ಜೊತೆಗೆ ಕೆಸರಿಲ್ಲ ಅಂದ್ರೆ ಎಷ್ಟೋ ಸಲ ಏನಾದ್ರೂ ಹಾಕೋಕೂ ಟೈಮ್ ಸಿಗಲ್ಲ. 2005ರ ಆಗಸ್ಟ್‌ನಲ್ಲಿ ಕೆನಡಾದ ಚೀಕಮಸ್ ನದಿಗೆ ರೈಲಿಂದ ಸುಮಾರು 40 ಸಾವಿರ ಲೀಟರ್ ಕಾಸ್ಟಿಕ್ ಸೋಡಾ ಬಿದ್ದಾಗ ಅದು ಗಂಟೆಗಳಲ್ಲೇ ಹರಿದು ಹೋಯ್ತು, ಅಷ್ಟರಲ್ಲೇ 5 ಲಕ್ಷಕ್ಕೂ ಹೆಚ್ಚು ಮೀನು ಕಿವಿರು ಸುಟ್ಟು ಸತ್ತಿದ್ವು.

ಹೂಳು ತೆಗೆಸ್ಬೇಕಾ, ಹಾಗೇ ಬಿಡ್ಬೇಕಾ?

ಇದರ ಬಗ್ಗೆ ತಿಳಿದವರೇ ಜಗಳ ಆಡ್ತಾರೆ, ಯಾಕಂದ್ರೆ ಎರಡಕ್ಕೂ ಬೆಲೆ ಇದೆ. ತೆಗೆದ್ರೆ ಕೆದಕಿದ ಕೆಸರಿಂದ ವಿಷ ಮತ್ತೆ ನೀರಿಗೆ ಏಳತ್ತೆ, ತಳದ ಜೀವ ಪೂರ್ತಿ ಹೋಗತ್ತೆ, ತೆಗೆದ ಕೆಸರನ್ನ ಎಲ್ಲಿ ಹಾಕೋದು ಅನ್ನೋದು ಬೇರೆ ತಲೆನೋವು. ಬಿಟ್ರೆ ಒಳ್ಳೇ ಹೂಳು ಮೇಲೆ ಕೂತು ಮುಚ್ಚೋ ತನಕ ಕಾಯಬೇಕು, ಮಧ್ಯೆ ಒಂದು ದೊಡ್ಡ ನೆರೆ ಬಂದ್ರೆ ಎಲ್ಲ ತೆರೆದುಕೊಳ್ಳತ್ತೆ.

ಸ್ಪೇನಿನ ಅಜ್ನಾಲ್ಕೊಯಾರ್ ಗಣಿ ಕಟ್ಟೆ 1998ರ ಏಪ್ರಿಲ್ 25ರಂದು ಒಡೆದು ಗ್ವಾದಿಯಾಮಾರ್ ನದಿಯ ಎರಡೂ ದಡ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಕಪ್ಪು ಕೆಸರಾಯ್ತು, ಕೆಳಗೆ ದೊನ್ಯಾನಾ ಅನ್ನೋ ಹಕ್ಕಿಗಳ ದೊಡ್ಡ ಜೌಗು ಪ್ರದೇಶ. ಗಂಧಕ ತುಂಬಿದ ಕೆಸರು ಒಣಗಿ ಗಾಳಿ ತಾಗಿದ್ರೆ ಆಸಿಡ್ ಆಗತ್ತೆ, ಮಳೆಗೆ ಲೋಹ ಕರಗಿ ಇಳಿಯತ್ತೆ, ಅದಕ್ಕೇ ಮಳೆಗಾಲಕ್ಕೆ ಮೊದಲು ಮೇಲಿನ ಮಣ್ಣು ಸಮೇತ ಬಳಿದು ಲಾರಿಯಲ್ಲಿ ಹೊತ್ತು ಹಳೇ ಗಣಿಯ ಗುಂಡಿಗೆ ತುಂಬಿದ್ರು, ಆ ಹೊಲಗಳನ್ನ ಸರ್ಕಾರ ಕೊಂಡ್ಕೊಂಡು ಬೇಸಾಯ ನಿಲ್ಲಿಸಿ ಮರ ನೆಟ್ಟು ಹಸಿರು ಕಾರಿಡಾರ್ ಮಾಡ್ತು. ಕೆಸರು ಹೊಸದಾಗಿ ದಡದ ಮೇಲೆ ಬಿದ್ದಿದ್ರೆ, ಮಳೆಗೆ ಮೊದಲೇ ತೆಗೀರಿ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ.

ಅಮೆರಿಕದ ಹಡ್ಸನ್ ನದಿ ಇದಕ್ಕೆ ಉಲ್ಟಾ. ಅಲ್ಲಿ 1947ರಿಂದ 1977ರ ತನಕ ಮೂವತ್ತು ವರ್ಷ ಪಿಸಿಬಿ ಹರಿದು ಹೂಳಲ್ಲಿ ಕೂತಿತ್ತು, ತೆಗೀಬೇಕಾ ಬೇಡವಾ ಅಂತ ಎಳೆದಾಡಿ ಕೊನೆಗೆ ಹೂಳೆತ್ತಿದ್ದು 2009ರಿಂದ 2015ರ ನಡುವೆ. ಅಲ್ಲಿನ ಮೀನು ತಿನ್ನೋದಕ್ಕೆ ನಿರ್ಬಂಧ ಇವತ್ತಿಗೂ ಹೋಗಿಲ್ಲ. ತಡ ಮಾಡಿದಷ್ಟೂ ವಿಷ ಹರಡತ್ತೆ, ಎತ್ತೋ ಖರ್ಚು ಏರತ್ತೆ.

ಒಂದು ದೊಡ್ಡ ಮಳೆ ಬಂದ್ರೆ ಎಲ್ಲ ತೊಳ್ಕೊಂಡು ಹೋಗಲ್ವಾ?

ತೊಳ್ಕೊಂಡು ಎಲ್ಲಿಗೆ ಹೋಗತ್ತೆ, ಅದನ್ನ ಕೇಳಬೇಕು. ಕೆಳಗಿನ ಊರಿಗೆ, ಹೊಲಕ್ಕೆ, ಅಳಿವೆಗೆ, ಸಮುದ್ರಕ್ಕೆ. ಬ್ರೆಜಿಲ್‌ನ ಫುಂದಾವ್ ಕಟ್ಟೆ 2015ರ ನವೆಂಬರ್ 5ರಂದು ಒಡೆದು 19 ಜನ ಸತ್ರು, ಕಬ್ಬಿಣದ ಅದಿರಿನ ಕೆಸರು ಡೋಸಿ ನದಿಯಲ್ಲಿ 600 ಕಿಲೋಮೀಟರ್‌ಗೂ ಹೆಚ್ಚು ಹರಿದು ಎರಡು ವಾರದ ಮೇಲೆ ಅಟ್ಲಾಂಟಿಕ್ ಸೇರ್ತು, ಆಮೇಲಿನ ಮಳೆಗಾಲಗಳಲ್ಲೂ ದಡದಲ್ಲಿ ಉಳಿದ ಕೆಸರು ಎದ್ದು ನೀರು ಮತ್ತೆ ಕೆಂಪಾಗ್ತಿತ್ತು. ಕೊಳೆಯೋ ತ್ಯಾಜ್ಯಕ್ಕೆ ಮಳೆ ಉಪಕಾರ, ಕೆಸರಲ್ಲಿ ಕೂತ ಲೋಹಕ್ಕೆ ಮಳೆ ಅಂದ್ರೆ ಮರುಸೋರಿಕೆ.

ಅಣೆಕಟ್ಟಿಂದ ನೀರು ಬಿಟ್ಟು ತೆಳು ಮಾಡೋದೂ ಇದೇ ಲೆಕ್ಕ. ಕುಡಿಯೋ ನೀರಿನ ಪಂಪ್ ನಿಲ್ಲಿಸೋಕೆ ಟೈಮ್ ಸಿಗೋ ಹಾಗೆ ಹೇಳಿ ಬಿಟ್ರೆ ಉಪಯೋಗ, ಹೇಳದೆ ಬಿಟ್ರೆ ವಿಷ ಕೆಳಗಿನವರಿಗೆ ಬೇಗ ತಲುಪತ್ತೆ ಅಷ್ಟೇ.

ಚಳಿ, ಬಿಸಿಲು, ಕಾಲಕ್ಕೆ ತಕ್ಕ ಹಾಗೆ ವ್ಯತ್ಯಾಸ ಆಗತ್ತಾ?

ತುಂಬಾ. ತಣ್ಣನೆ ನೀರಲ್ಲಿ ಆಕ್ಸಿಜನ್ ಹೆಚ್ಚು, ಆದ್ರೆ ಬ್ಯಾಕ್ಟೀರಿಯಾ ಮಂದ, ವಿಷ ಒಡೆಯೋದು ನಿಧಾನ. 2005ರ ನವೆಂಬರ್ 13ರಂದು ಚೀನಾದ ಜೀಲಿನ್‌ನಲ್ಲಿ ಫ್ಯಾಕ್ಟರಿ ಸ್ಫೋಟ ಆಗಿ ಸುಮಾರು 100 ಟನ್ ಬೆಂಜೀನ್ ಜಾತಿಯ ಕೆಮಿಕಲ್ ಸೋಂಗ್‌ಹುವಾ ನದಿಗೆ ಹೋದಾಗ ನದಿ ಹೆಪ್ಪುಗಟ್ತಾ ಇತ್ತು, ಬೇಸಿಗೆಯಲ್ಲಾಗಿದ್ರೆ ಗಾಳಿಗೆ ಹಾರಿ ಹೋಗಬಹುದಾಗಿದ್ದು ಮಂಜಿನಡಿ ಸುಮಾರು 80 ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಹರೀತು, ಹಾರ್ಬಿನ್ ನಗರಕ್ಕೆ ನಾಲ್ಕು ದಿನ ನಲ್ಲಿ ನೀರು ಬಂದ್. ಬೇಸಿಗೆಯಲ್ಲಿ ಇನ್ನೊಂದು ಕಷ್ಟ, ನೀರೇ ಕಮ್ಮಿ. 2022ರ ಆಗಸ್ಟ್‌ನಲ್ಲಿ ಪೋಲೆಂಡ್ ಜರ್ಮನಿ ಗಡಿಯ ಓಡರ್ ನದಿಯಲ್ಲಿ ಕೈಗಾರಿಕೆಗಳ ಉಪ್ಪು ನೀರು, ಬರಗಾಲ, ಬಿಸಿಲು ಮೂರೂ ಸೇರಿ ಉಪ್ಪು ನೀರಲ್ಲಿ ಬೆಳೆಯೋ ಚಿನ್ನದ ಬಣ್ಣದ ಪಾಚಿ ಹಬ್ಬಿ ಅದರ ವಿಷಕ್ಕೆ ನೂರಾರು ಟನ್ ಮೀನು ಸತ್ವು. ಅಲ್ಲಿ ಯಾವ ಕಟ್ಟೆನೂ ಒಡೆದಿರಲಿಲ್ಲ.

ಮೀನು ವಾಪಸ್ ಬಂದಿವೆ, ತಿನ್ನಬಹುದಾ?

ಮೀನು ಬದುಕೋದು ಬೇರೆ, ಮೀನು ತಿನ್ನೋಕೆ ಯೋಗ್ಯ ಆಗೋದು ಬೇರೆ. ಆಕ್ಸಿಜನ್ ಅಥವಾ ಕಾಸ್ಟಿಕ್ ಸಮಸ್ಯೆ ಆಗಿದ್ರೆ ಹೊಸದಾಗಿ ಬಂದ ಮೀನಲ್ಲಿ ಆ ಕಾರಣಕ್ಕೆ ವಿಷ ಇರಲ್ಲ. ಪಾದರಸ, ಪಿಸಿಬಿ ಆಗಿದ್ರೆ ಮೀನು ಗಟ್ಟಿಮುಟ್ಟಾಗೇ ಕಾಣತ್ತೆ, ವಿಷ ಕೊಬ್ಬಿನಲ್ಲೋ ಮಾಂಸದಲ್ಲೋ ಇರತ್ತೆ, ಸಣ್ಣ ಮೀನಿಂದ ದೊಡ್ಡ ಮೀನಿಗೆ ಹೋಗ್ತಾ ಹೋಗ್ತಾ ಹೆಚ್ಚಾಗತ್ತೆ. ಪಾದರಸವನ್ನ ಇನ್ನೂ ಕೆಟ್ಟ ರೂಪಕ್ಕೆ ತಿರುಗಿಸೋದು ಆಕ್ಸಿಜನ್ ಇಲ್ಲದ ಕೆಸರಿನ ಬ್ಯಾಕ್ಟೀರಿಯಾ, ಅಂದ್ರೆ ನದಿಯೊಳಗೇ ವಿಷ ತಯಾರಾಗ್ತಾ ಇರತ್ತೆ. ಜಪಾನಿನ ಮಿನಾಮಾತಾ ನದಿಯಲ್ಲ, ಕೊಲ್ಲಿ, ಆದ್ರೂ ಹೇಳ್ತೀನಿ: ರೋಗ ಗುರುತಾಗಿದ್ದು 1956ರಲ್ಲಿ, ಮೀನು ಸುರಕ್ಷಿತ ಅಂತ ಘೋಷಣೆ ಆಗಿದ್ದು 1997ರಲ್ಲಿ. ಮಾಂಸದ ಟೆಸ್ಟ್ ಆಗದೆ ತಿನ್ನಬೇಡಿ, ಬೇಯಿಸಿದ್ರೆ ಲೋಹ ಹೋಗಲ್ಲ, ಬಸಿರಿಯರಿಗೂ ಮಕ್ಕಳಿಗೂ ಅಂತೂ ಕೊಡಲೇಬೇಡಿ.

ದಡದ ಬಾವಿ, ಬೋರ್‌ವೆಲ್ ನೀರೂ ಅಷ್ಟೇ. ನದಿ ನೀರು ಮಣ್ಣಿನೊಳಗೆ ಇಳಿದು ಬರೋಕೆ ವಾರ ತಿಂಗಳು ಹಿಡಿಯತ್ತೆ, ಸೋರಿಕೆ ಆದ ವಾರ ಟೆಸ್ಟ್ ಚೆನ್ನಾಗಿ ಬಂತು ಅಂತ ಸುಮ್ಮನಾಗದೆ ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ.

ಸೋರಿಕೆ ಆದ ದಿನ ದಡದಲ್ಲಿರೋರು ಏನು ಮಾಡಬೇಕು?

ನೀರಿಗೆ ಇಳೀಬೇಡಿ, ಸತ್ತ ಮೀನು ಬರಿಗೈಲಿ ಮುಟ್ಟಬೇಡಿ, ದನಕರು ನೀರಿಗೆ ಬಿಡಬೇಡಿ, ಪಂಪ್ ಆಫ್ ಮಾಡಿ, ಕೆಳಗಿನ ಊರಿನವರಿಗೆ ಆಗಲೇ ಫೋನ್ ಮಾಡಿ. ಇಷ್ಟಾದ ಮೇಲೆ ಸಾಕ್ಷಿ. ವಿಷದ ಅಲೆ ಗಂಟೆಗಳಲ್ಲಿ ದಾಟಿ ಹೋಗತ್ತೆ, ಅಧಿಕಾರಿಗಳು ಮಾರನೇ ದಿನ ಬಂದು ತುಂಬಿಸೋ ಬಾಟಲಿಯಲ್ಲಿ ಏನೂ ಸಿಗದೇ ಇರಬಹುದು. ದಡದಿಂದ ಸುರಕ್ಷಿತವಾಗಿ ಆಗೋ ಹಾಗಿದ್ರೆ ಮಾತ್ರ, ಗ್ಲೌಸ್ ಹಾಕ್ಕೊಂಡು, ಚೊಕ್ಕಟ ಬಾಟಲಿಯಲ್ಲಿ ಕತ್ತಿನ ತನಕ ನೀರು ತುಂಬಿ ಐಸಲ್ಲಿಡಿ, ಮೇಲೆ ತಾರೀಖು, ಗಂಟೆ ನಿಮಿಷ, ಜಾಗ ಬರೀರಿ. ಎಲ್ಲರೂ ಮರೆಯೋದು ಒಂದು: ಸೋರಿಕೆಗಿಂತ ಮೇಲಿನ ಒಳ್ಳೇ ನೀರಿಂದೂ ಒಂದು ಬಾಟಲಿ ಬೇಕು, ಅದಿಲ್ಲದಿದ್ರೆ ನದಿ ಮೊದಲಿಂದ್ಲೂ ಹಾಗೇ ಇತ್ತು ಅನ್ನೋ ವಾದಕ್ಕೆ ಉತ್ತರ ಇರಲ್ಲ. ಸತ್ತ ಮೀನು ಎಣಿಸಿ, ಜಾತಿ ಗೊತ್ತಾಗೋ ಹಾಗೆ ಫೋಟೋ ತೆಗೀರಿ.

ಸರಿಹೋಯ್ತು ಅಂತ ಯಾವಾಗ ಹೇಳಬಹುದು?

ಮೀನು ಕಂಡ್ರೆ ಸಾಲದು, ಎಲ್ಲ ವಯಸ್ಸಿನ ಮೀನು ಇರಬೇಕು. ಮೀನಿನ ಹುರುಪೆ ಮೇಲೆ ಮರದ ಕಾಂಡದ ಥರ ಬಳೆಗಳಿರ್ತವೆ, ಅದನ್ನ ಎಣಿಸಿ ವಯಸ್ಸು ಹೇಳ್ತಾರೆ. ಬರೀ ದೊಡ್ಡವು ಇದ್ರೆ ಅವು ಹೊರಗಿಂದ ಬಂದವು, ಇಲ್ಲಿ ಮರಿ ಆಗ್ತಿಲ್ಲ. ಇಲ್ಲೇ ಹುಟ್ಟಿದ ಮರಿ ದೊಡ್ಡದಾಗಿ ಮತ್ತೆ ಇಲ್ಲೇ ಮೊಟ್ಟೆ ಇಟ್ಟ ದಿನ ಆ ಮೀನಿನ ಮಟ್ಟಿಗೆ ಸರಿಹೋಯ್ತು. ಜೊತೆಗೆ ಹೂಳಿನ ಟೆಸ್ಟ್, ಮತ್ತೆ ಒಂದು ದೊಡ್ಡ ನೆರೆ ಬಂದು ಹೋದ ಮೇಲೂ ಫಲಿತಾಂಶ ಹಾಗೇ ಇರಬೇಕು. ಸೋರಿಕೆಗೆ ಮೊದಲೇ ಆ ನದಿಯ ಲೆಕ್ಕ ಯಾರಾದ್ರೂ ಬರೆದಿಟ್ಟಿದ್ರೆ ಹೋಲಿಸೋದು ಸುಲಭ, ಹೆಚ್ಚಿನ ಕಡೆ ಅದು ಇರಲ್ಲ, ನಿಮ್ಮ ಹತ್ತಿರದ ನದಿಗೆ ಇವತ್ತೇ ಶುರು ಮಾಡಬಹುದಾದ ಕೆಲಸ ಇದು.

ದುರಂತ ಆದ್ಮೇಲೆ ಮೊದಲಿಗಿಂತ ಚೆನ್ನಾದ ನದಿ ಇದೆಯಾ?

ಇದೆ, ಯುರೋಪಿನ ರೈನ್ ನದಿ. 1986ರ ನವೆಂಬರ್ 1ರ ನಸುಕಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು, ಒಳಗೆ 1300 ಟನ್‌ಗೂ ಹೆಚ್ಚು ಕೆಮಿಕಲ್, ಬೆಂಕಿ ಆರಿಸೋಕೆ ಹೊಡೆದ ನೀರೇ ಕೀಟನಾಶಕ ತೊಳ್ಕೊಂಡು ನದಿಗೆ ಇಳೀತು, ಕೆಂಪು ಬಣ್ಣದ ಪುಡಿನೂ ಸೇರಿ ರೈನ್ ರಕ್ತದ ಥರ ಹರೀತು. ಸುಮಾರು 400 ಕಿಲೋಮೀಟರ್ ಕೆಳಗಿನ ತನಕ ಹಾವುಮೀನು ಸತ್ವು, ಒಂದೂವರೆ ಲಕ್ಷದಷ್ಟು. ಆದ್ರೆ ಆ ನದಿ ಮೊದಲೇ ದಶಕಗಳಿಂದ ಫ್ಯಾಕ್ಟರಿ ನೀರು ಕುಡಿದು ಸೋತಿತ್ತು. ಈ ಬೆಂಕಿ ಆದ ಮೇಲೆ ದಡದ ದೇಶಗಳು 1987ರಲ್ಲಿ ಒಟ್ಟಾಗಿ ಒಂದು ಕಾರ್ಯಯೋಜನೆ ಮಾಡ್ಕೊಂಡ್ವು, 2000ನೇ ಇಸವಿಗೆ ಸಾಲ್ಮನ್ ಮೀನು ವಾಪಸ್ ಬರಬೇಕು ಅನ್ನೋದು ಗುರಿ. ಕೆಮಿಕಲ್ ಗೋದಾಮುಗಳಿಗೆ ಬೆಂಕಿ ನೀರು ಹಿಡಿದಿಡೋ ತೊಟ್ಟಿ ಬಂತು, ಸೋರಿಕೆ ಆದ್ರೆ ಕೆಳಗಿನವರಿಗೆ ಸುದ್ದಿ ಮುಟ್ಟಿಸೋ ವ್ಯವಸ್ಥೆ ಬಿಗಿ ಆಯ್ತು, ಪ್ರತಿದಿನ ಪೈಪಿಂದ ಬರೋ ತ್ಯಾಜ್ಯಾನೂ ಇಳೀತು.

ಬೆಂಕಿಯ ವಿಷದಿಂದ ಹೋದ ಹುಳಗಳು ಒಂದೆರಡು ವರ್ಷದಲ್ಲಿ ಬಂದ್ವು. 1992ರಲ್ಲಿ ರೈನ್ ಕಡೆಯಿಂದ ಡ್ಯಾನ್ಯೂಬ್‌ಗೆ ಕಾಲುವೆ ತೆರೆದ ಮೇಲೆ ಕಪ್ಪು ಸಮುದ್ರದ ಕಡೆಯ ಸಿಗಡಿ ಜಾತಿಗಳೂ ಹತ್ತಿ ಬಂದು ಅಲ್ಲಿ ಮೊದಲಿಂದ ಇದ್ದವನ್ನ ಎಷ್ಟೋ ಕಡೆ ಓಡಿಸಿವೆ, ಹಾಗಾಗಿ ಈಗಿನ ರೈನ್ ಹಳೇ ರೈನೇ ಅಂತ ಹೇಳೋಕಾಗಲ್ಲ. ಸಾಲ್ಮನ್ ಮಾತ್ರ ಗುರಿಗಿಂತ ಹತ್ತು ವರ್ಷ ಮೊದಲೇ, 1990ರಲ್ಲಿ, ಜೀಗ್ ಅನ್ನೋ ಉಪನದಿಯಲ್ಲಿ ಕಾಣಿಸ್ಕೊಂಡಿತು. ಮರಿ ಬಿಡೋ ಕೆಲಸ ಇನ್ನೂ ನಿಂತಿಲ್ಲ. ಇಫೆಟ್ಸ್‌ಹೈಮ್ ಅಣೆಕಟ್ಟಲ್ಲಿ 2000ದಲ್ಲಿ ಮೀನು ಹತ್ತೋ ಏಣಿ ಆಯ್ತು, ಗಾಂಬ್ಸ್‌ಹೈಮ್‌ನಲ್ಲಿ 2006ರಲ್ಲಿ, ಅಲ್ಲಿಂದ ಮೇಲಿನ ಅಣೆಕಟ್ಟುಗಳಲ್ಲಿ ಒಂದೊಂದಾಗಿ ಕೆಲಸ ನಡೀತಿದೆ, ಸಮುದ್ರದಿಂದ ಹೊರಟ ಸಾಲ್ಮನ್ ಬೆಂಕಿ ಬಿದ್ದ ಆ ಬಾಸೆಲ್ ತನಕ ಸರಾಗವಾಗಿ ಹೋಗೋ ದಾರಿಗೆ ಇನ್ನೂ ಕೆಲವು ಗೋಡೆ ಬಾಕಿ ಇವೆ.